ಝೋನ್ ಮೂರು

ಕಳ್ಳ ಒಯ್ದದ್ದು ತುಂಬಿದ ಒಂದು ಸಿಲಿಂಡರು,
ಐದು ಲೀಟರಿನ ಕುಕ್ಕರು, ಮತ್ತು ಯಾಕೋ
ಗೋಡೆಯ ಮೇಲಿದ್ದ ಕ್ಯಾಲೆಂಡರು.
ನನಗಾಗ ಐಸಿಯುನಲ್ಲಿ ನೈಟು.
ಏಳನೇ ಬೆಡ್ಡಿನ ಮಾನಿಟರು ಕೂಗುತ್ತಿತ್ತು,
ಬೆರಳಿನ ಕ್ಲಿಪ್ಪು ಜಾರಿತ್ತು, ಅಷ್ಟೆ.
ಹನ್ನೆರಡು ವರ್ಷದಿಂದ ಗೊತ್ತು ನನಗೆ
ಯಾವ ಕೂಗಿಗೆ ನಡೆಯಬೇಕು, ಯಾವುದಕ್ಕೆ ಓಡಬೇಕು.
ಕಲ್ಲಹಳ್ಳಿಯ ಮನೆಗೆ ಮಾತ್ರ ಬಾಯಿ ಇರಲಿಲ್ಲ.

ಅದಕ್ಕೇ ಇದು. ಥರ್ಮೋಕೋಲಿನ ಗೂಡಲ್ಲಿ
ಬಿಳೀ ಪೆಟ್ಟಿಗೆ ಒಂದು, ಅದರ ಮರಿ ನಾಲ್ಕು.
ವೈರಿಲ್ಲ. ಸಿಮ್ಮು ನಾವೇ ಹಾಕಬೇಕು.
ಕೂರಿಸಲು ಹುಡುಗ ಬರುತ್ತಾನೆ, ಎಂಟುನೂರು, ಅಂದರು ಅಂಗಡಿಯಲ್ಲಿ.
ನರ ಸಿಗದ ಕೈಗೆ ಸೂಜಿ ಚುಚ್ಚುವವಳಿಗೆ
ಬಾಗಿಲಿಗೊಂದು ಅಯಸ್ಕಾಂತ ಅಂಟಿಸಲು ಬರದೇ?

ಬರಲಿಲ್ಲ, ಮೊದಲು.
ಮಾವಿನ ಚೌಕಟ್ಟು, ಮಳೆಗೆ ಉಬ್ಬಿ
ಬಾಗಿಲು ಒಂದು ಬೆರಳು ಹಿಂದೆ.
ಎರಡು ತುಂಡಿನ ನಡುವೆ ಒಂದು ಸೆಂಟಿಮೀಟರು ಮೀರಬಾರದು
ಎನ್ನುತ್ತದೆ ಪುಸ್ತಕ.
ಗಾಯಕ್ಕೆ ಹತ್ತಿ ಮಡಚುವ ಹಾಗೆ
ರಟ್ಟು ಮಡಚಿ ಅಡಿಗಿಟ್ಟೆ. ಸೇರಿದವು.

ಆಮೇಲೆ ಪರಿಚಯ ಮಾಡಿಸುವುದು.
ಪೆಟ್ಟಿಗೆಯ ಬೆನ್ನಿನ ಗುಂಡಿ ಒತ್ತಿ ಹಿಡಿದರೆ
ಕಲಿಯಲು ಕೂರುತ್ತದೆ, ಹಸಿರು ಕಣ್ಣು ಮಿಟುಕಿಸುತ್ತ.
ಆಗ ಬಾಗಿಲು ತೆಗೆಯಬೇಕು. ಪೀಂ.
ಇದು ಮುಂಬಾಗಿಲು ಕಣಪ್ಪ, ಝೋನ್ ಒಂದು.
ಇದು ಹಿತ್ತಿಲದು, ಅವನು ಬಂದದ್ದು ಇಲ್ಲಿಂದಲೇ, ಎರಡು.
ಹಾಲಿನ ಮೂಲೆಯಲ್ಲಿ
ಬಿಸಿ ಮೈ ಅಲ್ಲಾಡಿದರೆ ತಿಳಿವ ಕಣ್ಣು, ಮೂರು.
ನಾಲ್ಕನೆಯದಕ್ಕೆ ಬಾಗಿಲೇ ಉಳಿದಿರಲಿಲ್ಲ.
ಫ್ರಿಜ್ಜಿಗೆ ಅಂಟಿಸಿ, ನಗು ಬಂದು, ಕಿತ್ತೆ.

ಗುಟ್ಟಿನ ಸಂಖ್ಯೆ ನಾಲ್ಕಂಕಿ.
ಹುಟ್ಟಿದ ವರ್ಷ ಬೇಡ, ಒಂದು ಎರಡು ಮೂರು ನಾಲ್ಕು ಬೇಡ.
ಗ್ಯಾಸಿನ ಕನೆಕ್ಷನ್ ನಂಬರಿನ ಬಾಲ ಇಟ್ಟೆ.
ಸ್ಟೇಷನ್ನಿನಲ್ಲಿ ಆರು ಸಲ ಬರೆಸಿದ್ದರು,
ಸತ್ತರೂ ಮರೆಯುವುದಿಲ್ಲ.

ಒಳಗೆ ಕಾಲಿಟ್ಟ ಮೇಲೆ ಮೂವತ್ತು ಸೆಕೆಂಡು.
ಅಷ್ಟರಲ್ಲಿ ನಾನು ನಾನೇ ಎಂದು
ನನ್ನ ಮನೆಗೆ ರುಜುವಾತು ಕೊಡಬೇಕು,
ನೈಟು ಮುಗಿಸಿ ಬಂದು, ಚಪ್ಪಲಿ ಬಿಡುತ್ತ,
ಬ್ಯಾಗಿನಲ್ಲಿ ಕನ್ನಡಕ ತಡಕುತ್ತ.
ನಲವತ್ತೈದಕ್ಕೆ ಏರಿಸಿದೆ.

ಕೊನೆಗೆ ಅದೇ ಕೇಳಿತು, ಯಾರನ್ನು ಕರೆಯಲಿ?
ಮೂರು ನಂಬರು.
ಒಂದು ನನ್ನದು, ಡ್ಯೂಟಿಯಲ್ಲಿ ಲಾಕರಿನೊಳಗೆ.
ಎರಡು ಮದ್ದೂರಿನ ತಮ್ಮನದು, ಒಂಬತ್ತಕ್ಕೆಲ್ಲ ಸ್ವಿಚಾಫ್.
ಮೂರರ ಜಾಗದಲ್ಲಿ ಖಾಲಿ ಗೆರೆ ಮಿಣುಕುತ್ತ ಕಾಯಿತು.
ಕಾಯಲಿ ಅಂತ ಟೆಸ್ಟ್ ಒತ್ತಿದೆ.

ಅಯ್ಯೋ.
ಹಲ್ಲಿನ ಬೇರಲ್ಲಿ ಕೂಗು, ಫ್ಯಾನಿನ ರೆಕ್ಕೆಯಲ್ಲಿ ಕೂಗು,
ಲೋಟದ ನೀರು ಕೂಡ ನಡುಗಿತು.
ನಿಲ್ಲಿಸುವ ಗುಂಡಿಗೆ ಪುಸ್ತಕ ತಿರುವುವಷ್ಟರಲ್ಲಿ
ಪಕ್ಕದ ಕೆಂಪಾಜಮ್ಮ ಬಾಗಿಲಲ್ಲಿ,
ಕೈಯಲ್ಲಿ ಎಳನೀರು ಕೆತ್ತುವ ಮಚ್ಚು.
ನುಗ್ಗೆಯ ಕೊಂಬೆ ಕಡಿಸಿದ ಲಾಗಾಯ್ತು
ಎರಡು ವರ್ಷ ನಾವು ಮುಖ ನೋಡಿದವರಲ್ಲ.
"ಯಾರವ್ವ? ಎಲ್ಲವ್ನೆ?"
ಯಾರಿಲ್ಲ, ಟೆಸ್ಟು, ಎಂದೆ.
ಮಚ್ಚು ಇಳಿಸಿದಳು. ದನಿ ಇಳಿಸಲಿಲ್ಲ.
"ನಮ್ಮಾವ ಶರಟು ಹಾಕ್ಕಂಡು ನಿಂತವ್ರೆ,
ಸಕ್ಕರೆ ಫ್ಯಾಕ್ಟ್ರಿ ಕೂಗ್ತು, ಪಾಳಿಗೆ ವತ್ತಾಯ್ತು ಅಂತ.
ರಿಟೈರಾಗಿ ಇಪ್ಪತ್ತು ವರ್ಸ. ಯಾರ್ ಯೋಳದು ಈಗ?"

ಹೊರಟವಳು ಪೆಟ್ಟಿಗೆಯ ಮುಂದೆ ನಿಂತಳು.
ಗೆರೆ ಇನ್ನೂ ಮಿಣುಕುತ್ತಿತ್ತು. ನಾನು ಕೇಳಲಿಲ್ಲ.
ಎರಡೆರಡು ಅಂಕಿ ಜೋಡಿಸಿ ತಾನೇ ಹೇಳಿದಳು,
ಕೊನೆಗೆ ತಪ್ಪಿ, ಗೋಡೆಯಾಚೆ ಮಗನನ್ನು ಕೂಗಿ
ಕೇಳಿ ಸರಿ ಮಾಡಿದಳು.
ವಾರ್ಡಿನ ನಂಬರು ಅಂಗೈಲಿ ಬರೆಸಿಕೊಂಡಳು.
"ನುಗ್ಗೆ ಇಚಾರ ಬ್ಯಾರೆ. ಅದು ಅಂಗೇ ಇರ್ಲಿ."

ಗುರುವಾರ ರಾತ್ರಿ ಎರಡೂ ನಲವತ್ತು. ವಾರ್ಡಿನ ಫೋನು.
ಏಳನೇ ಬೆಡ್ಡಿನವರ ಕಫ ತೆಗೆದು,
ಗ್ಲೌಸು ಕಿತ್ತು, ಓಡಿದೆ.
"ಝೋನು ಮೂರಂತೆ. ಕಿಟ್ಕೀಲಿ ಬ್ಯಾಟ್ರಿ ಬುಟ್ಟು ನೋಡ್ದೆ.
ಹಲ್ಲಿ ಕಣವ್ವ, ಆ ಕಣ್ಣಿನ ಮ್ಯಾಲೇ ಕುಂತದೆ.
ನಿನ್ ಕೆಲ್ಸ ನೋಡ್ಕೊ."
ಮಾವ? ಎಂದೆ.
"ಗೇಟ್ ತಾವ ಅವ್ರೆ. ಬುತ್ತಿ ಕೇಳ್ತಾವ್ರೆ."